ನಿರ್ಜನ ತೀರದ ಚಿತ್ರಗಾರ್ತಿ ಎಮಿಲಿ ಕಾರ್

ಕೆನಡಾ ದೇಶದ ಪಶ್ಚಿಮ ತೀರದಾಚೆ, ಶಾಂತಸಾಗರದಲ್ಲಿ, ಹೈಡಾ ಎಂಬ ಮೂಲನಿವಾಸಿಗಳ ದ್ವೀಪಸಮೂಹವೊಂದಿದೆ. 1787ರಲ್ಲಿ ಅಲ್ಲಿಗೆ ಬಂದ ಆಂಗ್ಲ ನಾವಿಕನೊಬ್ಬನು ತನ್ನ ಹಡಗಿನ ಹೆಸರನ್ನೇ ಅದಕ್ಕಿಟ್ಟು ಕ್ವೀನ್ ಷಾರ್ಲೆಟ್ ದ್ವೀಪಗಳೆಂದು ಕರೆದನು. ಹೈಡಾ ಗ್ವಾಯ್ ಎಂಬ ಸ್ವಂತ ಹೆಸರು ಸರಕಾರಿ ದಾಖಲೆಗೆ ಬಂದುದು 2010ರಲ್ಲಿ. ಪರರ ಬಾಯಲ್ಲಿ ಊರ ಹೆಸರು ಬೇರೆಯಾಗುವ ಪರಿಯನ್ನು ಗಡಿಯವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ದ್ವೀಪಗಳ ಬರಿದಾದ ಊರುಗಳನ್ನು ದೋಣಿಯಲ್ಲಿ ಸುತ್ತಿ ಚಿತ್ರಿಸಿದವಳು ಎಮಿಲಿ ಕಾರ್.

1871ರ ಡಿಸೆಂಬರ್ 13ರಂದು ವಿಕ್ಟೋರಿಯಾ ನಗರದ ಆಂಗ್ಲ ವರ್ತಕನೊಬ್ಬನ ಮಗಳಾಗಿ ಜನಿಸಿದ ಈಕೆಯು ಹದಿಹರೆಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡಳು. ಸಾನ್ ಫ್ರಾನ್ಸಿಸ್ಕೊ, ಇಂಗ್ಲೆಂಡುಗಳಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದಳು. 1907ರಲ್ಲಿ ಅಕ್ಕ ಆಲಿಸಳೊಡನೆ ಅಲಾಸ್ಕಕ್ಕೆ ಹೋದಾಗ ಮೂಲನಿವಾಸಿಗಳ ಕೆತ್ತನೆಯ ಕಂಬಗಳನ್ನು ಕಂಡು, ಅವು ಅಳಿಯುವ ಮುನ್ನ ನಿಂತಲ್ಲಿಯೇ ಚಿತ್ರಿಸಿಡಬೇಕೆಂದು ನಿಶ್ಚಯಿಸಿದಳು.

ಹೈಡಾ ಊರುಗಳು ಬರಿದಾದ ಕಥೆ ಘೋರವಾದುದು. 1862ರಲ್ಲಿ ಸಾನ್ ಫ್ರಾನ್ಸಿಸ್ಕೊದಿಂದ ಬಂದ ಹಡಗೊಂದು ವಿಕ್ಟೋರಿಯಾಕ್ಕೆ ಸಿಡುಬನ್ನು ತಂದಿತು. ವ್ಯಾಪಾರಕ್ಕೂ ಕೂಲಿಗೂ ಬಂದು ನಗರದಂಚಿನಲ್ಲಿ ಬೀಡುಬಿಟ್ಟಿದ್ದ ಉತ್ತರದ ಜನರನ್ನು ಅಧಿಕಾರಿಗಳು ಹೊರದೂಡಿದರು. ಅವರ ದೋಣಿಗಳೊಡನೆ ರೋಗವೂ ತೀರದುದ್ದಕ್ಕೂ ಸಾಗಿತು. ಸಾವಿರಗಟ್ಟಲೆ ಇದ್ದ ಹೈಡಾ ಜನ ಶತಮಾನ ಮುಗಿಯುವಷ್ಟರಲ್ಲಿ ಕೆಲವೇ ನೂರಕ್ಕಿಳಿದು, ಸ್ಕಿಡ್‌ಗೇಟ್, ಮ್ಯಾಸೆಟ್ ಎಂಬ ಎರಡು ಊರುಗಳಲ್ಲಿ ಒಂದುಗೂಡಿದರು. ಎಮಿಲಿಯ ತವರಿನಿಂದಲೇ, ಆಕೆ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, ಹೊರಟ ಮಾರಿಯದು. ಆಕೆಯ ಯಾತ್ರೆಯನ್ನು ಹೊಗಳುವವರು ಈ ಮಾತನ್ನು ಬಿಟ್ಟುಬಿಡುವುದುಂಟು.

1912ರ ಬೇಸಿಗೆಯಲ್ಲಿ ಆಕೆ ತನ್ನ ನಾಯಿಯೊಡನೆ ಸ್ಕಿಡ್‌ಗೇಟಿಗೆ ಬಂದಳು. ಅಲ್ಲಿಯ ವಿಲಿಯಂ ರಸ್, ಕ್ಲಾರಾ ರಸ್ ಎಂಬ ಹೈಡಾ ದಂಪತಿಗಳು ದೋಣಿಯಲ್ಲಿ ಕರೆದೊಯ್ಯದಿದ್ದರೆ ಆಕೆಗೆ ಮುಂದಿನ ದಾರಿಯೇ ಇರಲಿಲ್ಲ. ಸ್ಕೆಡಾನ್ಸ್, ಟಾನು, ಕಮ್‌ಶೇವಾ ಎಂಬ ಊರುಗಳನ್ನು ಅವರು ತೋರಿಸಿದರು. ಮಾಡು ಕುಸಿದ ಮನೆಗಳ ದಪ್ಪ ತೊಲೆಗಳ ಮೇಲೆ ಪಾಚಿ ಬೆಳೆದಿತ್ತು. ಕಡಲಿಗೆ ಮುಖಮಾಡಿ ಸೀಡರ್ ಮರದ ಕಂಬಗಳು ನಿಂತಿದ್ದವು. ಅವುಗಳ ಮೇಲೆ ಕಾಗೆ, ಹದ್ದು, ಕರಡಿ, ತಿಮಿಂಗಿಲಗಳು ಒಂದರ ಮೇಲೊಂದು. ಕೆಲವು ಕಂಬಗಳ ನೆತ್ತಿಯಲ್ಲಿ ಗತಿಸಿದ ನಾಯಕರ ಅಸ್ಥಿಪೆಟ್ಟಿಗೆಗಳನ್ನಿಡುವ ಪದ್ಧತಿಯಿತ್ತು. ಕಮ್‌ಶೇವಾದಲ್ಲಿ ಒಂಟಿಯಾಗಿ ಕುಳಿತಿದ್ದ ಮರದ ಬೃಹತ್ ಕಾಗೆಯೊಂದನ್ನು ಆಕೆ ಜಲವರ್ಣದಲ್ಲಿ ಬರೆದುಕೊಂಡಳು. ಹತ್ತೊಂಬತ್ತು ವರ್ಷಗಳ ಬಳಿಕ, 1931ರಲ್ಲಿ, ಅದನ್ನೇ ತೈಲವರ್ಣದಲ್ಲಿ ಮತ್ತೆ ಚಿತ್ರಿಸಿದಳು. ಅದೀಗ ಆಕೆಯ ಪ್ರಸಿದ್ಧ ಕೃತಿಗಳಲ್ಲೊಂದು.

1913ರಲ್ಲಿ ವ್ಯಾಂಕೂವರಿನಲ್ಲಿ ಸುಮಾರು 200 ಚಿತ್ರಗಳನ್ನು ಪ್ರದರ್ಶಿಸಿದಳು. ಪ್ರಾಂತ ಸರಕಾರವು ಅವನ್ನು ಕೊಳ್ಳಲೊಪ್ಪಲಿಲ್ಲ. ಮುಂದಿನ ಹದಿನಾಲ್ಕು ವರ್ಷ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ನಾಯಿಗಳನ್ನು ಸಾಕಿ ಮಾರಿ, ಮಣ್ಣಿನ ಪಾತ್ರೆಗಳನ್ನು ಮಾಡಿ ಹೊಟ್ಟೆಹೊರೆದಳು. ಕುಂಚ ಹಿಡಿದುದು ಅಪರೂಪ. 1927ರಲ್ಲಿ ರಾಜಧಾನಿ ಒಟ್ಟಾವದ ಪ್ರದರ್ಶನಕ್ಕೆ ಕರೆ ಬಂದಾಗ ಆಕೆಗೆ ಐವತ್ತೈದು. ಹೃದಯರೋಗದಿಂದ ಓಡಾಟ ಕುಗ್ಗಿದ ಮೇಲೆ ಲೇಖನಿ ಹಿಡಿದು ಬರೆದ 'ಕ್ಲೀ ವಿಕ್' 1941ರಲ್ಲಿ ಪ್ರಕಟವಾಗಿ, ಗವರ್ನರ್ ಜನರಲ್ ಪ್ರಶಸ್ತಿಯನ್ನು ಪಡೆಯಿತು. ನಗುವವಳೆಂಬ ಅರ್ಥದ ಆ ಹೆಸರು ಯುಕ್ಲೂಲೆಟ್ ಎಂಬಲ್ಲಿನ ಮೂಲನಿವಾಸಿಗಳು ಆಕೆಗಿತ್ತದ್ದು. 1945ರ ಮಾರ್ಚ್ 2ರಂದು ವಿಕ್ಟೋರಿಯಾದಲ್ಲಿಯೇ ತೀರಿಕೊಂಡಳು.

ಆ ಜನವೇ ಅಳಿದುಹೋಗುತ್ತದೆಂದು ಆಕೆಯ ಕಾಲದವರು ನಂಬಿದ್ದರು. ಅದು ತಪ್ಪಾಯಿತು. ಸ್ಕೆಡಾನ್ಸ್, ಟಾನುಗಳಲ್ಲಿ ಈಗ ಬೇಸಿಗೆಯ ತಿಂಗಳುಗಳಲ್ಲಿ ಹೈಡಾ ಕಾವಲುಗಾರರೇ ವಾಸವಿದ್ದು, ದೋಣಿಯಲ್ಲಿ ಬಂದವರಿಗೆ ಯಾವ ಮನೆ ಯಾರದೆಂದು ತೋರಿಸುತ್ತಾರೆ. ಬಿದ್ದ ಕಂಬಗಳನ್ನು ಮಾತ್ರ ಮೇಲೆತ್ತಿ ನಿಲ್ಲಿಸುವುದಿಲ್ಲ. ಬಿದ್ದಲ್ಲಿಯೇ ಮಣ್ಣಾಗಲು ಬಿಟ್ಟಿದ್ದಾರೆ.