ಕೈಗಾ ಮತ್ತು ಕಾರಂತರ ಕೊನೆಯ ದಶಕ

ಶಿವರಾಮ ಕಾರಂತರ ಸುದೀರ್ಘ ಬದುಕಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟವನ್ನು ಮುಪ್ಪಿನ ಕಾಲದ ಒಂದು ಉಪಕಥೆಯೆಂದು ಭಾವಿಸುವುದು ಸುಲಭ. ಕಾದಂಬರಿಕಾರರೊಬ್ಬರು ತಮ್ಮದಲ್ಲದ ಕ್ಷೇತ್ರಕ್ಕೆ ಕೈಹಾಕಿದರೆಂಬ ಆಕ್ಷೇಪಕ್ಕೂ ಇದರಿಂದ ಅವಕಾಶವಾಗುತ್ತದೆ. ಆದರೆ ಅವರ ಬರವಣಿಗೆಯ ಒಟ್ಟು ಹರಹನ್ನು ಗಮನಿಸಿದರೆ ಈ ಆಕ್ಷೇಪ ನಿಲ್ಲುವುದಿಲ್ಲ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದವರು. ವಿಶ್ವವಿದ್ಯಾಲಯದ ವಿಜ್ಞಾನ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಹೀಗಿದ್ದೂ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನೂ ವಯಸ್ಕರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಅವರು ರಚಿಸಿದರು. ರೇಚಲ್ ಕಾರ್ಸನ್ ಅವರ ಕಡಲನ್ನು ಕುರಿತ ಪುಸ್ತಕವನ್ನು ಕನ್ನಡಕ್ಕೆ ತಂದರು; 1980ರ ದಶಕದಲ್ಲಿ ಭಾರತದ ಪರಿಸರ ಸ್ಥಿತಿಯನ್ನು ಕುರಿತ ನಾಗರಿಕರ ವರದಿಯನ್ನೂ ಅನುವಾದಿಸಿದರು. ಕನ್ನಡ ಬಲ್ಲ ಯಾರಿಗಾದರೂ ವಿಜ್ಞಾನ ತಿಳಿಯಬೇಕು, ತಿಳಿಯಬಲ್ಲದು ಎಂಬ ನಂಬಿಕೆಯೇ ಈ ದುಡಿಮೆಯ ಹಿಂದಿನ ಬಲ. ಅಣುಶಕ್ತಿಯ ವಿಚಾರ ತಜ್ಞರಿಗೆ ಮಾತ್ರ ಸೇರಿದ್ದು ಎಂಬ ವಾದವನ್ನು ಇಂಥವರು ಒಪ್ಪುವುದು ಸಾಧ್ಯವಿರಲಿಲ್ಲ.

ಪ್ರಕೃತಿಯ ಬಗೆಗಿನ ಅವರ ನಿಲುವೂ ಏಕರೂಪದ್ದಲ್ಲ. 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದವನು; ಆ ಸಾಹಸವನ್ನು ಕಾದಂಬರಿ ಮೆಚ್ಚುಗೆಯಿಂದಲೇ ಚಿತ್ರಿಸುತ್ತದೆ. ಕೈಗಾ ವಿರೋಧಿಯಾದ ಕಾರಂತರನ್ನು ಓದುವವರು ಈ ಗೋಪಾಲಯ್ಯನನ್ನು ಮರೆಯಬಾರದು. ತನ್ನ ಕೈದುಡಿಮೆಯಿಂದ ಕಾಡಿನೊಡನೆ ಸೆಣಸಿ, ಅದರ ಫಲವನ್ನೂ ನಷ್ಟವನ್ನೂ ತಾನೇ ಉಣ್ಣುವವನ ಬದುಕು ಬೇರೆ. ದೂರದಲ್ಲಿ ಕೈಗೊಂಡ ನಿರ್ಧಾರವೊಂದರ ಅಪಾಯವನ್ನು ನದೀತೀರದವರು ಹೊರಬೇಕಾದ ಸ್ಥಿತಿ ಬೇರೆ.

ಕಾರವಾರ ತಾಲ್ಲೂಕಿನ ಕಾಳೀ ತೀರದಲ್ಲಿ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಇರುವ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ಎರಡು ರಿಯಾಕ್ಟರುಗಳ ಯೋಜನೆ ರೂಪುಗೊಂಡದ್ದು 1980ರ ದಶಕದಲ್ಲಿ. ಅದೇ ನದಿಯ ಸೂಪಾ ಅಣೆಕಟ್ಟಿಗಾಗಿ ಜನ ಆಗಲೇ ಊರು ಬಿಟ್ಟಿದ್ದರು. ಸ್ಥಾವರದ ಪರವಾದ ವಾದ ಹುರುಳಿಲ್ಲದ್ದೇನೂ ಆಗಿರಲಿಲ್ಲ. ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ತೀವ್ರವಾಗಿತ್ತು. ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಮಳೆ ಕೈಕೊಟ್ಟ ವರ್ಷ ಜಲವಿದ್ಯುತ್ತೂ ಕೈಕೊಡುತ್ತಿತ್ತು. ಭಾರಜಲ ಬಳಸುವ ರಿಯಾಕ್ಟರಿಗೆ ನೈಸರ್ಗಿಕ ಯುರೇನಿಯಂ ಸಾಕು, ಹೊಗೆಯೂ ಇಲ್ಲ. ಆದರೆ 1986ರ ಏಪ್ರಿಲ್ 26ರ ಚೆರ್ನೋಬಿಲ್ ದುರಂತದ ನಂತರ ಜನರ ಭೀತಿಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ವಿಕಿರಣ ಸೋರಿದರೆ ಕಾಡು, ನದಿ, ಕಡಲಿನ ಗತಿಯೇನು, ಬಳಸಿ ಮುಗಿದ ಇಂಧನವನ್ನು ಕಾಯುವವರು ಯಾರು, ನಿವೇಶನವನ್ನು ಆರಿಸುವಾಗ ಜನರನ್ನು ಕೇಳಿದವರುಂಟೇ ಎಂಬ ಪ್ರಶ್ನೆಗಳು ಜಿಲ್ಲೆಯಾದ್ಯಂತ ಎದ್ದವು. ಸಾಲಿಗ್ರಾಮದಲ್ಲಿ ನೆಲೆಸಿದ್ದ ಕಾರಂತರು ಈ ಚಳವಳಿಗೆ ತಮ್ಮ ಹೆಸರನ್ನಷ್ಟೇ ಕೊಟ್ಟು ಕೂರದೆ ಅದರ ಮುಂಚೂಣಿಗೆ ಬಂದರು.

1989ರ ಲೋಕಸಭಾ ಚುನಾವಣೆಯಲ್ಲಿ, 87ರ ವಯಸ್ಸಿನಲ್ಲಿ, ಅವರು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದ್ದ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾಗಿದ್ದ ಲೇಖಕರಿಗೆ ಸಂಸತ್ ಸ್ಥಾನದಿಂದ ಸೇರಬೇಕಾದ ಹಿರಿಮೆ ಏನೂ ಇರಲಿಲ್ಲ. ಸ್ಥಾವರದ ಪ್ರಶ್ನೆಯನ್ನು ಮತದಾರರ ಮುಂದಿಡುವುದೇ ಆ ಸ್ಪರ್ಧೆಯ ಅರ್ಥ. ಅವರು ಸೋತರು. ಜನರನ್ನು ಕೇಳಬೇಕೆಂದು ಒತ್ತಾಯಿಸಿದವರಿಗೆ ಜನರೇ ಗೆಲುವು ಕೊಡಲಿಲ್ಲವೆಂಬುದು ಚಳವಳಿಯ ಚರಿತ್ರೆಯಲ್ಲಿ ಇರಿಸುಮುರಿಸಿನ ಸಂಗತಿ, ಅದನ್ನು ಮರೆಮಾಚಬೇಕಾಗಿಲ್ಲ. ಲೋಕಸಭಾ ಚುನಾವಣೆಯೊಂದು ಒಂದೇ ಪ್ರಶ್ನೆಯ ಜನಮತಗಣನೆಯಲ್ಲ ಎಂಬುದೂ ಅಷ್ಟೇ ನಿಜ.

ಕಾಮಗಾರಿ ಮುಂದುವರಿಯಿತು. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿದುಬಿತ್ತು. ಅವಘಡದ ವೇಳೆ ವಿಕಿರಣವನ್ನು ತಡೆದು ಹಿಡಿಯಬೇಕಾದ ಗುಮ್ಮಟವೇ ಅದು. ಕೆಲಸಗಾರರು ಗಾಯಗೊಂಡರು, ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ವಿನ್ಯಾಸವನ್ನು ಪರಿಷ್ಕರಿಸಿ ಗುಮ್ಮಟವನ್ನು ಮತ್ತೆ ಕಟ್ಟಬೇಕಾಯಿತು. ಈ ಕುಸಿತ ಕಾರಂತರ ಎಲ್ಲ ಆತಂಕಗಳನ್ನೂ ಸಾಬೀತುಪಡಿಸಿತೆನ್ನುವುದು ಅತಿಶಯವಾದೀತು. ತಜ್ಞರ ಲೆಕ್ಕವೂ ತಪ್ಪಬಹುದೆಂಬುದನ್ನಂತೂ ಅದು ತೋರಿಸಿಕೊಟ್ಟಿತು.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡಾಗ ಕೈಗಾ ಇನ್ನೂ ವಿದ್ಯುತ್ ಉತ್ಪಾದಿಸಿರಲಿಲ್ಲ. 2000ದಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. 2007 ಮತ್ತು 2011ರಲ್ಲಿ ಇನ್ನೆರಡು ಸೇರಿದವು. ಗುಮ್ಮಟ ಕುಸಿದಿದ್ದ ಆ ಮೊದಲ ಘಟಕವೇ 2018ರ ಅಂತ್ಯದವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿತು. ಚೆರ್ನೋಬಿಲ್‌ನಂಥ ದುರಂತ ಅಲ್ಲಿ ಸಂಭವಿಸಿಲ್ಲ. 2009ರಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂಯುಕ್ತ ಭಾರಜಲ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿದ್ದು ಯಂತ್ರದೋಷದಿಂದಲ್ಲ, ಒಳಗಿನವರದೇ ಕೃತ್ಯವೆಂದು ಅಧಿಕಾರಿಗಳು ಶಂಕಿಸಿದರು. ಇಷ್ಟು ವರ್ಷಗಳ ಉತ್ಪಾದನೆಯನ್ನು ಕಾರಂತರ ವಾದದ ಎದುರಿಗಿಟ್ಟು ತೂಗಿದರೆ ಅಪಘಾತದ ಬಗೆಗಿನ ಅವರ ಕಡೆಯ ತಟ್ಟೆ ಹಗುರವಾಗುತ್ತದೆ. ಉಳಿದ ಪ್ರಶ್ನೆಗೆ ಈ ತೂಕ ಅನ್ವಯಿಸದು. ಬಳಸಿದ ಇಂಧನದಲ್ಲಿ ಉಳಿಯುವ ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. 2017ರಲ್ಲಿ ಕೇಂದ್ರ ಸರ್ಕಾರ ಅದೇ ಕಾಳೀ ತೀರಕ್ಕೆ ತಲಾ 700 ಮೆಗಾವಾಟ್‌ನ ಮತ್ತೆರಡು ಘಟಕಗಳನ್ನು ಮಂಜೂರು ಮಾಡಿತು.