ಮದ್ಯವು ಹಗೆಯಾದ ಗ್ರಂಥಕರ್ತನು

ಜ್ಯಾಕ್ ಕೆರೂಯಾಕನೆಂಬವನು 1922ನೆಯ ಇಸವಿಯಲ್ಲಿ ಅಮೇರಿಕಾ ದೇಶದ ಲೋವೆಲ್ ಪಟ್ಟಣದಲ್ಲಿ ದೈವಭಕ್ತಳಾದ ತಾಯಿಗೆ ಹುಟ್ಟಿದನು. 1957ರಲ್ಲಿ ಪ್ರಕಟವಾದ ಸಂಚಾರಕಥೆಯಿಂದ ಅವನಿಗೆ ಬಹು ಕೀರ್ತಿ ಬಂದರೂ ಕುಡಿತವು ಅವನನ್ನು ಬಿಡಲಿಲ್ಲ.

ಮದ್ಯದಿಂದ ಯಕೃತ್ತು ಅನೇಕ ವರ್ಷ ನೋವು ತೋರದೆಯೇ ಗಟ್ಟಿಯಾಗುವದುಂಟು. ಆಗ ಅದರೊಳಗೆ ಹರಿಯಲಾರದ ರಕ್ತವು ಅನ್ನನಾಳದ ರಕ್ತನಾಳಗಳಲ್ಲಿ ತುಂಬಿ ಅವುಗಳನ್ನು ಉಬ್ಬಿಸುತ್ತದೆ. 1969ನೆಯ ಅಕ್ಟೋಬರ್ 20ರಂದು ಅವು ಒಡೆದು ಅವನಿಗೆ ರಕ್ತವಾಂತಿಯಾಯಿತು. ಆಸ್ಪತ್ರೆಯಲ್ಲಿ ಪರರ ರಕ್ತವನ್ನು ಮೇಲಿಂದ ಮೇಲೆ ಕೊಟ್ಟರೂ ಮರುದಿನವೇ, 47ನೆಯ ವಯಸ್ಸಿನಲ್ಲಿ, ತೀರಿಹೋದನು. ಪಾರ್ಶ್ವವಾಯು ಬಡಿದಿದ್ದ ಮುದಿತಾಯಿಯು ಮಗನಿಲ್ಲದೆ ಉಳಿದಳು.

ಕೆಂಗೇರಿಯ ಕಡೆಯ ಪ್ರಿಯ ಸಭೆಯವರೇ, ನೋವಿಲ್ಲವೆಂದು ಧೈರ್ಯಗೊಳ್ಳಬೇಡಿರಿ. ರಕ್ತವಾಂತಿಯಾಗಲಿ ಡಾಂಬರಿನಂಥ ಕರೀ ಮಲವಾಗಲಿ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅದಕ್ಕೆ ಮುಂಚೆಯೇ ವೈದ್ಯರ ಸಹಾಯದಿಂದ ಕುಡಿತವನ್ನು ತೊರೆಯಿರಿ. ಕರ್ತನು ಬಲವನ್ನು ದಯಪಾಲಿಸುವನು.