ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಕಿರ್ಲೋಸ್ಕರ ಎಂಬ ಹೆಸರು ನಮ್ಮ ನಾಡಿನ ರೈತರಿಗೆ ಹೊಸದಲ್ಲ. ಬಾವಿಯ ದಂಡೆಯ ಮೇಲಿನ ಪಂಪಿನಲ್ಲಿ, ಹೊಲದ ಬದುವಿನ ಎಂಜಿನ್ನಿನಲ್ಲಿ ಆ ಹೆಸರನ್ನು ಎಷ್ಟೋ ಮಂದಿ ಬಾಲ್ಯದಿಂದಲೂ ಓದುತ್ತ ಬಂದಿದ್ದಾರೆ. ಮುಂಬಯಿ ಪುಣೆಗಳಲ್ಲಿ ನೆಲಸಿರುವ ನಮ್ಮವರಲ್ಲಿ ಅನೇಕರು ಅದನ್ನು ಮಹಾರಾಷ್ಟ್ರದ ಹೆಸರೆಂದೇ ತಿಳಿದಿರುವುದುಂಟು. ಮನೆಮಾತಿನಿಂದ ನೋಡಿದರೆ ಆ ತಿಳಿವಳಿಕೆ ಸರಿಯೇ. ಆದರೆ ಆ ಉದ್ಯಮದ ಮೂಲಪುರುಷರಾದ ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ೧೮೬೯ನೆಯ ಇಸವಿ ಜೂನ್ ೨೦ರಂದು. ಅವರ ಮೊದಲ ಅಂಗಡಿಯೂ ಮೊದಲ ಕಾರ್ಖಾನೆಯೂ ಬೆಳಗಾವಿಯಲ್ಲಿದ್ದವು. ಇಂಥ ಹಿರಿಯರು ನಮ್ಮವರೋ ಅವರವರೋ ಎಂದು ಪಾಲು ಹಂಚಿಕೊಳ್ಳುವ ಗೊಡವೆ ನಮಗೆ ಬೇಡ. ನೆಲೆ ತಪ್ಪಿದ ಮೇಲೆ ಇನ್ನೊಂದು ಕಡೆ ಹೋಗಿ, ತಾನೂ ಬದುಕಿ ಹತ್ತಾರು ಮನೆಗಳಿಗೆ ಬದುಕನ್ನು ಕೊಟ್ಟವರ ಚರಿತ್ರೆಯೆಂದು ಹೊರನಾಡಿಗರಾದ ನಾವು ಅದನ್ನು ಓದಿಕೊಂಡರೆ ಸಾಕು.

ತಂದೆ ಕಾಶೀನಾಥಪಂತರು ವೇದಾಂತ ಬಲ್ಲ ಪಂಡಿತರು. ಮಗನೂ ಶಾಲೆ ಕಲಿತು ಪರೀಕ್ಷೆಗಳನ್ನು ದಾಟಿ ಒಳ್ಳೆಯ ನೌಕರಿ ಹಿಡಿಯಬೇಕೆಂಬುದು ಅಂದಿನ ಎಲ್ಲ ಮನೆಗಳ ಹಂಬಲವಿದ್ದಂತೆ ಆ ಮನೆಯ ಹಂಬಲವೂ ಆಗಿತ್ತು. ಆದರೆ ಹುಡುಗನ ಮನಸ್ಸು ಪುಸ್ತಕದಲ್ಲಿ ನಿಲ್ಲಲಿಲ್ಲ. ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಅವನಿಗೆ ಆಸಕ್ತಿ. ಅಗ್ರಜರಾದ ರಾಮುಅಣ್ಣನವರ ಬೆಂಬಲದಿಂದ ೧೮೮೫ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಬಂದು ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಸಂಗತಿ ತಿಳಿದುಬಂದಿತು. ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಗೋಚರಿಸುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಬಂದ ತರುಣನಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು! ಆದರೂ ಅವರು ಊರಿಗೆ ಮರಳಲಿಲ್ಲ. ಬಣ್ಣ ಬೇಡದ ಚಿತ್ರವೂ ಒಂದುಂಟಲ್ಲ, ಯಂತ್ರಗಳ ರೇಖಾಚಿತ್ರ. ಅದನ್ನೇ ಶ್ರದ್ಧೆಯಿಂದ ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್ಸ್ಟಿಟ್ಯೂಟಿನಲ್ಲಿ ಆ ವಿಷಯಕ್ಕೆ ಉಪಾಧ್ಯಾಯರಾದರು. ಅಲ್ಲಿನ ಯಂತ್ರಗಳ ಬಳಿ ನಿಂತು ಕೈಯಾರೆ ಕೆಲಸ ಮಾಡಿ ಕಲಿತರು. ಬಿಡುವಿನ ವೇಳೆಯಲ್ಲಿ ಯಂತ್ರವಿದ್ಯೆಗೆ ಸಂಬಂಧಿಸಿದ ವಿದೇಶಿ ಪತ್ರಿಕೆಗಳನ್ನು ಓದಿದರು.

ಆ ದಿನಗಳಲ್ಲಿ ಸೈಕಲ್ ನಮ್ಮ ದೇಶಕ್ಕೆ ಹೊಸ ವಸ್ತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುವರು. ರಾಮುಅಣ್ಣನವರು ಅಲ್ಲಿ ಮಾರುವರು. ಕಿರ್ಲೋಸ್ಕರ ಬ್ರದರ್ಸ್ ಎಂಬ ಈ ಸಹೋದರರ ಅಂಗಡಿ ೧೮೮೮ರಲ್ಲಿ ಆರಂಭವಾಯಿತು. ಒಂದು ಸೈಕಲ್ಲಿಗೆ ೭೦೦ರಿಂದ ೧೦೦೦ ರೂಪಾಯಿಯವರೆಗೂ ಬೆಲೆಯಿತ್ತು. ಅಂದಿನ ಗುಮಾಸ್ತನೊಬ್ಬ ವರ್ಷಗಟ್ಟಲೆ ದುಡಿದರೂ ಕೂಡಿಸಲಾಗದ ಹಣ ಅದು. ಕೊಳ್ಳುವ ಶಕ್ತಿಯಿದ್ದವರಿಗೂ ಏರಿ ಕೂರಲು ಧೈರ್ಯವಿರಲಿಲ್ಲ. ಅದಕ್ಕಾಗಿ ಅಂಗಡಿಯವರೇ ೧೫ ರೂಪಾಯಿ ಪಡೆದು ಸವಾರಿ ಕಲಿಸುವ ಏರ್ಪಾಡನ್ನು ಮಾಡಿದರು. ಮೇಲುನೋಟಕ್ಕೆ ಇದು ಸಣ್ಣ ಮಾತು. ಆದರೆ ಲಕ್ಷ್ಮಣರಾಯರ ಮುಂದಿನ ವ್ಯಾಪಾರದ ಗುಟ್ಟೆಲ್ಲ ಇದರಲ್ಲಿಯೇ ಅಡಗಿದೆ. ಗಿರಾಕಿಗೆ ಸಾಮಾನನ್ನು ದಾಟಿಸಿದೊಡನೆ ವ್ಯಾಪಾರಿಯ ಹೊಣೆ ತೀರುವುದಿಲ್ಲ, ಆ ಸಾಮಾನು ಅವನ ಕೈಗೆ ಒಗ್ಗುವವರೆಗೂ ಅದು ಇದ್ದೇ ಇರುತ್ತದೆಂಬುದನ್ನು ಅವರು ಆಗಲೇ ಅರಿತಿದ್ದರು.

ಮುಂಬಯಿಯ ಉಪಾಧ್ಯಾಯ ವೃತ್ತಿಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಒಬ್ಬ ಆಂಗ್ಲೋ ಇಂಡಿಯನ್ನನ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆಯನ್ನಿತ್ತು ಬೆಳಗಾವಿಗೆ ಬಂದರು. ತಿಂಗಳು ತುಂಬಿದೊಡನೆ ಬರುವ ಸಂಬಳವನ್ನು ಬಿಡುವುದು ಸಂಸಾರಸ್ಥನಿಗೆ ಎಷ್ಟು ಕಠಿಣವೆಂಬುದನ್ನು ಬಲ್ಲವರೇ ಬಲ್ಲರು. ಸೈಕಲ್ ವ್ಯಾಪಾರವೂ ಬಹುಕಾಲ ಲಾಭ ಕೊಡುವಂತಿರಲಿಲ್ಲ. ಪೈಪೋಟಿಗೆ ಇತರರು ಇಳಿದಿದ್ದರು. ಆಗ ಅವರ ದೃಷ್ಟಿ ಪೇಟೆಯಿಂದ ಹೊಲದ ಕಡೆಗೆ ಹೊರಳಿತು. ಸುತ್ತಮುತ್ತಲಿನ ಸಾವಿರಾರು ಹಳ್ಳಿಗಳಲ್ಲಿ ರೈತನ ಉಪಕರಣಗಳು ತಾತ ಮುತ್ತಾತರ ಕಾಲದಿಂದ ಬದಲಾಗದೆ ಉಳಿದಿದ್ದವು. ಸೈಕಲ್ಲನ್ನು ಕೊಳ್ಳಬಲ್ಲವರು ಊರಿಗೆ ನಾಲ್ಕು ಜನ. ನೇಗಿಲಂತೂ ಪ್ರತಿ ಮನೆಗೂ ಬೇಕು.

ಮೊದಲು ಅವರು ದನಗಳಿಗೆ ಕಣಿಕೆ ಕತ್ತರಿಸುವ ಯಂತ್ರವನ್ನು ತಯಾರಿಸಿದರು. ಉದ್ದನೆಯ ಜೋಳದ ಕಣಿಕೆಯನ್ನು ಹಾಗೆಯೇ ಹಾಕಿದರೆ ದನಗಳು ಎಲೆ ತಿಂದು ದಂಟನ್ನು ತುಳಿದು ಹಾಳುಮಾಡುತ್ತವೆ. ಸಣ್ಣಗೆ ಕತ್ತರಿಸಿದರೆ ಅಷ್ಟೇ ಮೇವು ಹೆಚ್ಚು ದಿನ ಬಾಳುತ್ತದೆ. ಅನಂತರ ಕೈಹಾಕಿದ್ದು ಕಬ್ಬಿಣದ ನೇಗಿಲಿಗೆ. ಮರದ ನೇಗಿಲು ನೆಲವನ್ನು ಗೀರಿಕೊಂಡು ಹೋಗುವುದಲ್ಲದೆ ಮಣ್ಣನ್ನು ಮಗುಚುವುದಿಲ್ಲ. ಎರೆಭೂಮಿಯಲ್ಲಿ ಆಳಕ್ಕಿಳಿದ ಕರಿಕೆಯ ಬೇರು ಅದಕ್ಕೆ ಬಗ್ಗುವುದೂ ಇಲ್ಲ. ಕಬ್ಬಿಣದ ನೇಗಿಲಾದರೋ ಮಣ್ಣನ್ನು ಆಳವಾಗಿ ಸೀಳಿ, ಹೊರಳಿಸಿ, ಬೇರುಗಳನ್ನು ಬಿಸಿಲಿಗೆ ಒಡ್ಡುತ್ತದೆ.

ಇಷ್ಟು ಉಪಯುಕ್ತವಾದ ವಸ್ತುವನ್ನು ಜನರು ಮುಗಿಬಿದ್ದು ಕೊಳ್ಳಬೇಕಾಗಿತ್ತು. ಆದದ್ದು ಬೇರೆ. ಭೂಮಿತಾಯಿಯ ಒಡಲಿಗೆ ಕಬ್ಬಿಣ ಸೋಕಿದರೆ ವಿಷವೇರಿ ನೆಲ ಬಂಜೆಯಾಗುವುದೆಂದು ರೈತರು ಅಂಜಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳನ್ನು ನಾವು ತುಸು ನಿಂತು ಯೋಚಿಸಬೇಕು. ಕಬ್ಬಿಣಕ್ಕೆ ಸುರಿದ ಹಣ ಕಣ್ಣೆದುರಿಗೇ ತುಕ್ಕು ಹಿಡಿಯುತ್ತಿರುವಾಗ, ಕೆಲಸದವರ ಕೂಲಿಯ ದಿನ ತಪ್ಪದೆ ಬರುತ್ತಿರುವಾಗ, ರೈತರೇ ದಡ್ಡರೆಂದು ಬೈದು ಬೇರೆ ವ್ಯಾಪಾರ ಹಿಡಿಯುವುದು ಸುಲಭವಾಗಿತ್ತು. ಲಕ್ಷ್ಮಣರಾಯರು ರೈತನನ್ನು ಬೈಯಲಿಲ್ಲ. ಒಂದು ಬೆಳೆ ಹೋದರೆ ವರ್ಷವೆಲ್ಲ ಉಪವಾಸ ಬೀಳುವವನಿಗೆ ಹೊಸದರ ಭಯವಿರುವುದು ಸಹಜ; ಆ ಭಯವನ್ನು ಮಾತಿನಿಂದ ಹೋಗಲಾಡಿಸಲು ಬಾರದು, ಹೊಲದಲ್ಲಿ ಉತ್ತು ತೋರಿಸಿಯೇ ಹೋಗಲಾಡಿಸಬೇಕು. ಒಬ್ಬನ ಹೊಲದಲ್ಲಿ ಬೆಳೆ ಎದ್ದು ನಿಂತುದನ್ನು ನೆರೆಯವನು ಕಂಡನು. ಅವನಿಂದ ಮುಂದಿನ ಊರಿನವನು ಕೇಳಿದನು. ಹೀಗೆ ನಿಧಾನವಾಗಿ ನೇಗಿಲಿಗೆ ಕಾಲು ಬಂದವು.

ಇನ್ನೇನು ಕುದುರಿತೆನ್ನುವಷ್ಟರಲ್ಲಿ ಮತ್ತೊಂದು ಸಂಕಟ ಒದಗಿತು. ಊರಿನ ಹೊಸ ಬಡಾವಣೆಗೆ ಜಾಗ ಬೇಕಾಗಿ ಬೆಳಗಾವಿಯ ಪುರಸಭೆಯು ಕಾರ್ಖಾನೆಯನ್ನು ತೆರವು ಮಾಡಲು ತಿಳಿಸಿತು. ನಲವತ್ತು ದಾಟಿದ ವಯಸ್ಸಿನಲ್ಲಿ, ಕೆಲಸಗಾರರ ಸಂಸಾರಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತಪ್ರತಿನಿಧಿಯವರು. ಅವರು ಸ್ವತಃ ಚಿತ್ರಕಾರರು. ಬಣ್ಣದ ಬದುಕನ್ನು ಬಿಡಬೇಕಾಗಿ ಬಂದವರಿಗೆ ಚಿತ್ರಕಾರನಾದ ರಾಜನೊಬ್ಬ ಆಸರೆಯಾದುದು ಒಂದು ಸೋಜಿಗ. ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ ೩೨ ಎಕರೆ ನೆಲವನ್ನೂ ಅವರು ಕೊಟ್ಟರು.

ನೆಲವೆಂದರೆ ಎಂಥ ನೆಲ! ಪಾಪಾಸುಕಳ್ಳಿ ಬೆಳೆದು ನಾಗರಹಾವುಗಳು ಮನೆ ಮಾಡಿದ್ದ ಬರಡು ಬಯಲು. ೧೯೧೦ರಲ್ಲಿ ಇಪ್ಪತ್ತೈದು ಮಂದಿ ಕೆಲಸಗಾರರು ಹೆಂಡಿರು ಮಕ್ಕಳೊಡನೆ ಲಕ್ಷ್ಮಣರಾಯರ ಹಿಂದೆ ಅಲ್ಲಿಗೆ ಬಂದರು. ಕಳ್ಳಿ ಕಡಿದರು, ಹಾವು ಓಡಿಸಿದರು, ಚಪ್ಪರ ಹಾಕಿದರು, ಯಂತ್ರಗಳನ್ನು ಹೂಡಿದರು. ಕಾರ್ಖಾನೆಯ ಜೊತೆಗೇ ಒಂದು ಊರೂ ಬೆಳೆಯಿತು. ಅದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಕೆಲಸಗಾರನಿಗೆ ಸಂಬಳ ಕೊಟ್ಟರೆ ಸಾಕೆಂಬುದು ಅಂದಿನ ಯಜಮಾನರ ಮತ. ಅವನಿಗೆ ಗಾಳಿ ಬೆಳಕಿನ ಮನೆ ಬೇಕು, ಸುತ್ತಲೂ ಗಿಡಮರ ಬೇಕು, ಮಕ್ಕಳಿಗೆ ಶಾಲೆ ಬೇಕೆಂದು ಲಕ್ಷ್ಮಣರಾಯರು ಬಗೆದರು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಕಟ್ಟು ಮಾಡಿದರು. ಊರ ಬಾವಿಯ ನೀರಿಗೂ ಜಾತಿ ಕೇಳುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಧೈರ್ಯವಲ್ಲ.

ಮನುಷ್ಯರನ್ನು ಆರಿಸುವುದರಲ್ಲಿಯೂ ಅವರದು ಬೇರೆಯೇ ರೀತಿ. ಸರ್ಟಿಫಿಕೇಟನ್ನು ಅವರು ಹೆಚ್ಚಾಗಿ ಲೆಕ್ಕಿಸುತ್ತಿರಲಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ ಫಳಣೀಕರರು ಅವರ ಕೈಕೆಳಗೆ ಕಲ್ಪನಾಶಾಲಿಯಾದ ಎಂಜಿನಿಯರರಾದರು. ಮಂಗೇಶರಾವ ರೇಗೆಯವರು ಪತ್ರವ್ಯವಹಾರ ಲೆಕ್ಕಪತ್ರಗಳ ಭಾರ ಹೊತ್ತರು. ದರೋಡೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿ ಬಂದಿದ್ದ ಇಬ್ಬರನ್ನು ಲಕ್ಷ್ಮಣರಾಯರು ವಾಡಿಯ ಕಾವಲಿಗೆ ನೇಮಿಸಿದರು. ಅವರು ನಂಬಿಕೆಯ ಕಾವಲುಗಾರರಾಗಿ ಬಾಳಿದರು. ಲೋಕ ಕೈಬಿಟ್ಟವನ ಮೇಲೆ ಒಬ್ಬನಾದರೂ ಭರವಸೆಯಿಟ್ಟರೆ ಅವನು ಏನಾಗಬಲ್ಲನೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣ, ಕಲ್ಲಿದ್ದಲು, ಬಣ್ಣ ಯಾವುದೂ ಸಿಕ್ಕದಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮಲ್ಲಿದ್ದ ಹಳೆಯ ಫಿರಂಗಿಗಳನ್ನು ಒದಗಿಸಿಕೊಟ್ಟರು. ಯುದ್ಧಕ್ಕೆಂದು ಎರಕ ಹೊಯ್ದ ಲೋಹ ಕರಗಿ ನೇಗಿಲಾಗಿ ಹೊಲಕ್ಕಿಳಿಯಿತು. ಯುದ್ಧ ಮುಗಿದ ಮೇಲೆ, ೧೯೨೦ರಲ್ಲಿ, ಸಂಸ್ಥೆಯು ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಆಗಿ ರೂಪುಗೊಂಡಿತು. ಅದೇ ವರ್ಷ ಮನೆತನದ ಶಂಕರರಾಯರು ಕಾರ್ಖಾನೆಯ ಸುದ್ದಿ ಸಾರುವ ಪತ್ರಿಕೆಯೊಂದನ್ನು ಆರಂಭಿಸಿದರು. ಸರಕಿನ ಪ್ರಚಾರಕ್ಕೆಂದು ಹುಟ್ಟಿದ ಆ ಹಾಳೆ ಬೆಳೆದು ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ಅದರ ಹಿಂದೆಯೇ ೧೯೩೦ರಲ್ಲಿ ಮಹಿಳೆಯರಿಗಾಗಿ ಸ್ತ್ರೀ ಎಂಬ ಪತ್ರಿಕೆಯೂ ಹೊರಟಿತು.

ನೇಗಿಲು, ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರಗಳ ಸಾಲಿಗೆ ೧೯೨೬ರಲ್ಲಿ ನೀರೆತ್ತುವ ಪಂಪು ಸೇರಿತು. ಅದೇ ವರ್ಷ ಹಿರಿಯ ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಮುಂದೆ ೧೯೪೧ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಹುಟ್ಟಿ ಲೇತುಗಳನ್ನು ತಯಾರಿಸತೊಡಗಿತು. ೧೯೪೬ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಾರ್ಖಾನೆಯೂ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆಯೂ ಸ್ಥಾಪನೆಯಾದವು. ಹರಿಹರದ ಕಾರ್ಖಾನೆ ಈಗ ಉಳಿದಿಲ್ಲ. ಆದರೂ ಅದರಲ್ಲಿ ದುಡಿದು ಮಕ್ಕಳನ್ನು ಓದಿಸಿ ಮುಂದೆ ತಂದ ಎಷ್ಟೋ ಕನ್ನಡ ಮನೆಗಳಿವೆ.

ಇಷ್ಟಾದ ಮೇಲೆಯೂ ಪರೀಕ್ಷೆ ಮುಗಿದಿರಲಿಲ್ಲ. ೧೯೪೮ರ ಜನವರಿ ೩೦ರಂದು ಮಹಾತ್ಮರ ಹತ್ಯೆಯಾದ ಬಳಿಕ ಆ ಪ್ರಾಂತದಲ್ಲಿ ಎದ್ದ ದೊಂಬಿಯಲ್ಲಿ ಉದ್ರಿಕ್ತ ಜನರು ಕಿರ್ಲೋಸ್ಕರವಾಡಿಗೆ ನುಗ್ಗಿ ಬೆಂಕಿಯಿಟ್ಟರು. ಮೂವತ್ತೆಂಟು ವರ್ಷ ಕಳ್ಳಿ ಕಡಿದು ಕಟ್ಟಿದ್ದು ಅಲ್ಪಕಾಲದಲ್ಲಿ ಬೂದಿಯಾಯಿತು. ಎಪ್ಪತ್ತೆಂಟರ ವೃದ್ಧರಿಗೆ ಅದನ್ನು ಕಾಣುವ ಕಾಲ ಬಂದಿತು. ಆದರೆ ಬೂದಿಯ ಮೇಲೆ ಕಾರ್ಖಾನೆ ಮತ್ತೆ ಎದ್ದಿತು. ಪಂಪುಗಳು ಮತ್ತೆ ರೈಲು ಹತ್ತಿದವು. ಸುಟ್ಟದ್ದು ಕಟ್ಟಡಗಳನ್ನು, ಯಂತ್ರಗಳನ್ನು. ಕೆಲಸ ಬಲ್ಲ ಕೈಗಳು ಉಳಿದಿದ್ದವು.

೧೯೫೬ರ ಸೆಪ್ಟೆಂಬರ್ ೨೬ರಂದು ಲಕ್ಷ್ಮಣರಾಯರು ತೀರಿಕೊಂಡರು. ಅಲ್ಲಿಂದ ಮೂವತ್ತಾರನೆಯ ದಿನ, ನವೆಂಬರ್ ೧ರಂದು, ಅವರ ಹುಟ್ಟೂರಿದ್ದ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ವಿಶಾಲ ಮೈಸೂರನ್ನು ಸೇರಿತು. ನಾವು ವರ್ಷವರ್ಷವೂ ಆಚರಿಸುವ ಈ ರಾಜ್ಯೋತ್ಸವದ ಮೊದಲ ದಿನವದು. ೧೯೬೯ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರ್ಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಯಾವ ಬೆಳಗಾವಿಯಿಂದ ಅವರು ಗಂಟುಮೂಟೆ ಕಟ್ಟಬೇಕಾಯಿತೋ ಅದೇ ಬೆಳಗಾವಿಯಲ್ಲಿ ಅವರ ಸೈಕಲ್ ಅಂಗಡಿಯಿದ್ದ ಬೀದಿ ಇಂದು ಕಿರ್ಲೋಸ್ಕರ ರಸ್ತೆಯೆನಿಸಿಕೊಂಡಿದೆ.

ನಮ್ಮ ಸಂಘದ ಕುಟುಂಬಗಳಲ್ಲಿ ಹೋಟೆಲು ನಡೆಸುವವರಿದ್ದಾರೆ, ಸಣ್ಣ ಅಂಗಡಿ, ಸಣ್ಣ ಕಾರ್ಖಾನೆ ಇಟ್ಟವರಿದ್ದಾರೆ, ನೌಕರಿಯನ್ನು ಬಿಟ್ಟು ಸ್ವಂತ ಉದ್ಯೋಗ ಹಿಡಿಯಲೋ ಬೇಡವೋ ಎಂದು ತೂಗಿನೋಡುತ್ತಿರುವ ತರುಣ ತರುಣಿಯರಿದ್ದಾರೆ. ಬಂಡವಾಳ ಎಲ್ಲಿಂದ, ಹೊಸ ಉಪಾಯ ಯಾವುದೆಂಬುದು ಅವರ ಮೊದಲ ಪ್ರಶ್ನೆ. ಲಕ್ಷ್ಮಣರಾಯರು ಸೈಕಲ್ಲನ್ನೂ ಕಂಡುಹಿಡಿದವರಲ್ಲ, ಕಬ್ಬಿಣದ ನೇಗಿಲನ್ನೂ ಕಂಡುಹಿಡಿದವರಲ್ಲ. ಎರಡೂ ಬೇರೆ ದೇಶಗಳಲ್ಲಿ ಬಳಕೆಯಲ್ಲಿದ್ದವು. ಅವರ ಹೊಸತನವಿದ್ದುದು ಎದುರಿಗಿದ್ದ ಮನುಷ್ಯನ ಕೊರತೆಯನ್ನು ಗುರುತಿಸುವುದರಲ್ಲಿ, ಅವನ ಅಂಜಿಕೆ ಕಳೆಯುವವರೆಗೆ ಕಾಯುವುದರಲ್ಲಿ, ತನ್ನೊಡನೆ ದುಡಿಯುವವನ ಮನೆ ಮಕ್ಕಳನ್ನೂ ತನ್ನ ಲೆಕ್ಕದಲ್ಲಿ ಸೇರಿಸಿಕೊಳ್ಳುವುದರಲ್ಲಿ. ಇಷ್ಟಕ್ಕೆ ಬಂಡವಾಳ ಬೇಕಿಲ್ಲ. ಎರಡು ವರ್ಷ ಒಂದು ನೇಗಿಲೂ ಮಾರದಿದ್ದಾಗ ಕುಲುಮೆಯನ್ನು ಆರಗೊಡದ ಮನೋಬಲ ಮಾತ್ರ ಬೇಕು. ಆ ಬಲ ನಮ್ಮ ತರುಣರಿಗೆ ಬರಲೆಂದು ಹಾರೈಸೋಣ.